ಪರ್ಮನೆಂಟ್ ಆಗದಿದ್ದರೆ ನಂಬಿಕೆ ಕಮ್ಮಿ ಅಂತಲಾ?

ನಮಸ್ಕಾರ. ನಾನು ಕೋಲಾರದವನು, ಹುಟ್ಟಿ ಬೆಳೆದದ್ದು ಮೆಥೋಡಿಸ್ಟ್ ಎಂಬ ಕ್ರೈಸ್ತ ಸಭೆಯಲ್ಲಿ. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಆರು ವರ್ಷ ದುಡಿದಿದ್ದೇನೆ. ಇವತ್ತಿನ ಮಾತು ನಮ್ಮ ಕ್ರೈಸ್ತ ಜನರದ್ದೇ. ನಮ್ಮವರು ಅಂತಲೇ ಹೇಳುತ್ತಿದ್ದೇನೆ.

ನಮ್ಮ ಲೈನಿನಲ್ಲಿ ಒಬ್ಬರು ಅಕ್ಕ ಇದ್ದರು. ಬಂಗಾರಪೇಟೆ ಕಡೆಯವರು. ಗಂಡ ತೀರಿಕೊಂಡಿದ್ದರು, ಇಬ್ಬರು ಮಕ್ಕಳು. ಕಾಂಟ್ರಾಕ್ಟ್ ಕೆಲಸ, ಸಂಬಳ 13 ಸಾವಿರ. ನಮ್ಮ ಲೈನ್ ಲೀಡರ್ ಪೆಂತೆಕೋಸ್ತ್ ಸಭೆಯವರು, ಅಂದರೆ ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಕ್ರೈಸ್ತ ಪಂಗಡದವರು. ಊಟದ ಹೊತ್ತಿಗೆ ಕ್ಯಾಂಟೀನ್ ಮೂಲೆಯಲ್ಲಿ ನಾಲ್ಕೈದು ಜನರನ್ನು ಸೇರಿಸಿ ಪ್ರಾರ್ಥನೆ ಮಾಡುತ್ತಿದ್ದರು. ಅದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ.

ಒಂದು ದಿನ ಮುದ್ದೆ ಮುರಿಯುತ್ತಾ ಅಕ್ಕ ಕೇಳಿದರು: "ಬ್ರದರ್, ಈ ಸಲವೂ ಪರ್ಮನೆಂಟ್ ಲಿಸ್ಟಲ್ಲಿ ನನ್ನ ಹೆಸರಿಲ್ಲ. 'ನೀವು ದಶಮಾಂಶ ಸರಿಯಾಗಿ ಕೊಡ್ತಿಲ್ಲ ಸಿಸ್ಟರ್, ಬಿತ್ತದೆ ಬೆಳೆ ಎಲ್ಲಿಂದ ಬರುತ್ತೆ' ಅಂತಾರೆ ಲೀಡರ್. ಹೌದಾ?"

ಬ್ಯಾಗಿನಿಂದ ಒಂದು ಕವರ್ ತೆಗೆದು ತೋರಿಸಿದರು. ಒಳಗೆ 1,300 ರೂಪಾಯಿ. ಸಂಬಳದ ಹತ್ತನೇ ಒಂದು ಪಾಲು, ದಶಮಾಂಶ ಅಂದರೆ ಅದೇ. ಮೇಲೆ ಪೆನ್ನಿನಲ್ಲಿ ಬರೆದಿತ್ತು: 'ಕೆಲಸ ಖಾಯಂ ಆಗಲಿ.' ಅದು ಮಗನ ಸ್ಕೂಲ್ ಫೀಸಿಗೆ ಎತ್ತಿಟ್ಟಿದ್ದ ದುಡ್ಡು.

ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಕಾಣಿಕೆ ಅಂದರೆ ಬಿತ್ತುವ ಬೀಜ, ಕೊಟ್ಟರೆ ದೇವರು ನೂರರಷ್ಟು ಫಲ ಕೊಡುತ್ತಾನೆ ಎನ್ನುವುದಕ್ಕೆ 'ಬೀಜ ಕಾಣಿಕೆ' ಅಂತಾರೆ. ಹಾಗೆನ್ನುವವರು ಮೊದಲು ತೆಗೆಯುವುದು ಬೈಬಲ್ಲಿನ ಮಲಾಕಿಯ ಪುಸ್ತಕದ 3ನೇ ಅಧ್ಯಾಯದ 10ನೇ ವಚನ. ದಶಮಾಂಶ ತನ್ನಿ, ಆಕಾಶದ ಬಾಗಿಲು ತೆರೆದು ಆಶೀರ್ವಾದ ಸುರಿಸುತ್ತೇನೆ ಅಂತ. ಆ ರಾತ್ರಿ ಮನೆಯಲ್ಲಿ ಕೂತು ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. 5ನೇ ವಚನದಲ್ಲಿ ದೇವರು ಯಾರ ವಿರುದ್ಧ ಸಾಕ್ಷಿ ನಿಲ್ಲುತ್ತೇನೆ ಅನ್ನುತ್ತಾನೆ ಗೊತ್ತಾ? ಕೂಲಿಯವರಿಗೆ ಕೂಲಿಯಲ್ಲಿ ಮೋಸ ಮಾಡುವವರ ವಿರುದ್ಧ. ವಿಧವೆಯರನ್ನು, ಅನಾಥರನ್ನು ಹಿಂಸಿಸುವವರ ವಿರುದ್ಧ. ಅದೇ ಪುಟ, ಐದೇ ವಚನ ಮೇಲೆ. ಕಾಂಟ್ರಾಕ್ಟ್ ಕೆಲಸದ ವಿಧವೆಗೆ ಮೊದಲು ಓದಿ ಹೇಳಬೇಕಾದ ವಚನ ಇದೇ ಅಲ್ವಾ?

ಪೆಂತೆಕೋಸ್ತ್ ಅಂದರೆ ಇಷ್ಟೇ ಅಂತ ಯಾರೂ ತಿಳಿಯಬೇಡಿ. ಅದರ ಶುರುವಿನ ದಿನಗಳು ಬೇರೆಯೇ ಇದ್ದವು. 1905ರಲ್ಲಿ ಪುಣೆ ಹತ್ತಿರ ಪಂಡಿತಾ ರಮಾಬಾಯಿ ಅವರ ಮುಕ್ತಿ ಮಿಷನ್ನಿನಲ್ಲಿ, ಮನೆ ಬಿಟ್ಟ ವಿಧವೆಯರ, ಅನಾಥ ಹುಡುಗಿಯರ ನಡುವೆ ಉಜ್ಜೀವನ, ಅಂದರೆ ಭಕ್ತಿಯ ದೊಡ್ಡ ಅಲೆ, ಎದ್ದಿತು. 1906ರಲ್ಲಿ ಲಾಸ್ ಏಂಜಲೀಸಿನ ಅಝೂಸಾ ಬೀದಿಯ ಪ್ರಾರ್ಥನಾ ಸಭೆಗಳಲ್ಲಿ ಮುಂದೆ ನಿಂತ ವಿಲಿಯಂ ಸೀಮೋರ್, ಒಂದು ಕಾಲಕ್ಕೆ ಗುಲಾಮರಾಗಿದ್ದವರ ಮಗ. ಕರಿಯರು, ಬಿಳಿಯರು ಅಲ್ಲಿ ಜೊತೆಯಲ್ಲೇ ಮೊಣಕಾಲೂರಿದರು. ಬೀಜ ಕಾಣಿಕೆಯ ಮಾತು ಜೋರಾದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಓರಲ್ ರಾಬರ್ಟ್ಸ್‌ರಂಥ ಅಮೆರಿಕದ ಟಿವಿ ಬೋಧಕರಿಂದ. ಇದನ್ನು ಒಪ್ಪದ ಪೆಂತೆಕೋಸ್ತ್ ಪಾಸ್ಟರ್‌ಗಳು ಈಗಲೂ ಇದ್ದಾರೆ.

ಜನ ಈ ಸಭೆಗಳಿಗೆ ಸುಮ್ನೆ ಹೋಗುವುದಿಲ್ಲ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿತು. ಆಮೇಲೆ ಎಷ್ಟೋ ಮನೆಯವರು ಬೆಳಗಿನ ಜಾವ ಎದ್ದು ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ಅಂಥವರನ್ನು ಹೆಸರು ಹಿಡಿದು ಕರೆದು, ಮಗುವಿನ ಜ್ವರ ಹೇಗಿದೆ ಅಂತ ಕೇಳುವ ಜಾಗ ಸಭೆ. ಸಭೆಗೆ ಹೋಗಿ ಕುಡಿತ ಬಿಟ್ಟ ಗಂಡಸರನ್ನು ನಾನೇ ನೋಡಿದ್ದೇನೆ. ಅದು ಸಣ್ಣ ವಿಷಯ ಅಲ್ಲ.

ಆದರೆ ಕಾರ್ಖಾನೆಯ ಮಾತು ಬೇರೆ. ಆ ಲೀಡರ್ ಕೈಯಲ್ಲಿ ಓಟಿ (ಓವರ್‌ಟೈಮ್) ಪಟ್ಟಿ ಇತ್ತು. ರಜೆಗೆ ಸಹಿ ಹಾಕುವವರು ಅವರೇ. ಯಾರು ಖಾಯಂ ಆಗಬೇಕು ಅಂತ ಮೇಲಕ್ಕೆ ಹೆಸರು ಕಳಿಸುವವರೂ ಅವರೇ. ಅಂಥವರು "ಪ್ರಾರ್ಥನೆಗೆ ಬನ್ನಿ ಸಿಸ್ಟರ್" ಅಂದರೆ, ಬರಲ್ಲ ಅನ್ನುವ ಧೈರ್ಯ ಎಷ್ಟು ಜನಕ್ಕಿರುತ್ತದೆ? ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ, ನಿಜ. ಅದರಲ್ಲಿ ಮೊದಲು ಬರುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯ. ನಾನು ಅವರನ್ನು ಪಕ್ಕಕ್ಕೆ ಕರೆದು ಹೇಳಿದೆ: "ಬ್ರದರ್, ಭಾನುವಾರ ಸಭೆಯಲ್ಲಿ ಏನು ಬೇಕಾದರೂ ಹೇಳಿ. ಇಲ್ಲಿ ನೀವು ಅವರ ಮೇಲಿನವರು." ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಕ್ಯಾಂಟೀನ್ ಪ್ರಾರ್ಥನೆಗೆ ಕರೆಯುವುದನ್ನು ನಿಲ್ಲಿಸಿದರು. ಬರುವವರು ತಾವಾಗಿ ಬರುತ್ತಿದ್ದರು.

ಇದೇ ಮಾತನ್ನು ಹಿಂದೂ ಗೆಳೆಯರಿಗೂ ಹೇಳಬೇಕು. ಆಯುಧಪೂಜೆ ದಿನ ಇಡೀ ಲೈನನ್ನು ಮೆಷಿನ್ ಮುಂದೆ ನಿಲ್ಲಿಸುತ್ತಿದ್ದರು. ಅಕ್ಕ ಕುಂಕುಮ ಬೇಡ ಅಂದಿದ್ದಕ್ಕೆ, "ಕಂಪನಿ ಅನ್ನ ತಿಂದು ಕಂಪನಿ ಪೂಜೆ ಬೇಡವಾ" ಅಂತ ಸೂಪರ್‌ವೈಸರ್ ಎಲ್ಲರೆದುರು ಕೇಳಿದ್ದರು. ಅವತ್ತು ಅಕ್ಕನ ಪರ ನಾನು ಬಾಯಿ ಬಿಡಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ. ಕುಂಕುಮಕ್ಕೆ ಒತ್ತಾಯ ಮಾಡುವುದೂ ಕಾಣಿಕೆಗೆ ಒತ್ತಾಯ ಮಾಡುವುದೂ ಒಂದೇ.

ಮುಂದಿನ ವರ್ಷ ಸ್ಟೋರ್ಸ್‌ನ ಹಿರಿಯರೊಬ್ಬರು ಒಂದು ಕೆಲಸ ಮಾಡಿದರು. ಹಣೆ ತುಂಬ ವಿಭೂತಿ ಹಚ್ಚುವವರು. ಕಡ್ಲೆಪುರಿ ಮೂಟೆ ಬಂದ ಕೂಡಲೇ, ಪೂಜೆಗೆ ಇಡುವ ಮೊದಲೇ, ನಾಲ್ಕು ಪೊಟ್ಟಣ ಕಟ್ಟಿ ಬೇರೆ ಇಟ್ಟರು. ಬೂದುಗುಂಬಳಕಾಯಿ ಒಡೆದಾದ ಮೇಲೆ ಅಕ್ಕನ ಹತ್ತಿರ ಬಂದು ಒಂದನ್ನು ಕೈಗಿಟ್ಟರು.

"ತಗೋಮ್ಮ, ಇದು ದೇವರ ಮುಂದೆ ಇಟ್ಟಿದ್ದಲ್ಲ. ಮಕ್ಕಳಿಗೆ ಕೊಡು."

ಅಕ್ಕ ಅದನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದರು.