ಜೇಡ ಕಚ್ಚಿದ ಹುಡುಗ, ಬಾಗಿಲಾಚೆಯ ಅಪ್ಪ

ಕೇಳುಗರೆಲ್ಲರಿಗೂ ನಮಸ್ಕಾರ.

ರಜೆ ಬಂತೆಂದರೆ ಮನೆಮನೆಯಲ್ಲೂ ಒಂದು ಜಗಳ ಇದ್ದದ್ದೇ. ಮಕ್ಕಳಿಗೆ ಸೂಪರ್‌ಹೀರೋ ಸಿನಿಮಾ ಬೇಕು. ದೊಡ್ಡವರು 'ಬರೀ ಹೊಡೆದಾಟ, ಅದರಲ್ಲೇನಿದೆ ಮಣ್ಣು' ಅನ್ನುತ್ತಾರೆ. ಕೊನೆಗೆ ಹೇಗೋ ರಾಜಿಯಾಗುತ್ತದೆ. ಮಕ್ಕಳು ಟಿವಿಯ ಮುಂದೆ, ಅಪ್ಪ ಪಕ್ಕದಲ್ಲೇ ಕೂತು ಮೊಬೈಲಿನ ಮುಂದೆ, ಅಮ್ಮ ಅಡುಗೆಮನೆಯಿಂದ ಬಂದು ಹೋಗುತ್ತ 'ಈಗ ಸತ್ತನಲ್ಲ, ಅವನು ಒಳ್ಳೆಯವನೋ ಕೆಟ್ಟವನೋ' ಅಂತ ವಿಚಾರಿಸುವುದು. ಅಜ್ಜಿ ಅಷ್ಟು ಹೊತ್ತಿಗೆ ಮಲಗಿಬಿಟ್ಟಿರುತ್ತಾರೆ. ಮಾರನೆಯ ದಿನ ಯಾರಾದರೂ ಕೇಳಿದರೆ, ಮನೆಮಂದಿಯೆಲ್ಲ ಕೂತು ಸಿನಿಮಾ ನೋಡಿದೆವು ಅಂತಲೇ ಹೇಳುತ್ತೇವೆ.

ಮನೆಮಂದಿ ನೋಡಬಹುದಾದ ಸಿನಿಮಾ ಯಾವುದು ಅಂತ ನಿರ್ಧರಿಸುವಾಗ ನಾವು ಸಾಮಾನ್ಯವಾಗಿ ಇಲ್ಲದ್ದರ ಲೆಕ್ಕ ಹಾಕುತ್ತೇವೆ. ಮುಜುಗರದ ದೃಶ್ಯ ಇಲ್ಲ, ರಕ್ತ ಇಲ್ಲ, ಕೆಟ್ಟ ಬೈಗುಳ ಇಲ್ಲ, ಹಾಗಾದರೆ ಸರಿ. ಈ ಲೆಕ್ಕ ತಪ್ಪೇನಲ್ಲ. ಆದರೆ ಹದಿಹರೆಯದ ಹುಡುಗನೋ ಹುಡುಗಿಯೋ ಸೂಪರ್‌ಹೀರೋ ಆಗುವ ಸಿನಿಮಾಗಳಿಗೆ ನಾನು ಮೊದಲು ಹಾಕುವ ಪ್ರಶ್ನೆ ಬೇರೆ. ಆ ಸಿನಿಮಾದೊಳಗೆ ಒಂದು ಮನೆ ಇದೆಯೇ? ಅಲ್ಲಿ ಅಪ್ಪ ಅಮ್ಮ ಇದ್ದಾರೆಯೇ? ಇದ್ದರೆ, ಅವರಿಗೆ ಸ್ವಲ್ಪವಾದರೂ ಬುದ್ಧಿ ಕೊಟ್ಟಿದ್ದಾರೆಯೇ?

ಯಾಕೆ ಹೀಗೆ ಕೇಳುತ್ತೇನೆಂದರೆ, ಈ ಜಾತಿಯ ಕಥೆಗಳು ಹುಟ್ಟಿದ್ದೇ ಅನಾಥಾಲಯದ ಬಾಗಿಲಲ್ಲಿ. 1940ರಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರನಾಗಿ ಬಂದ ರಾಬಿನ್, ಸರ್ಕಸ್ಸಿನಲ್ಲಿ ಅಪ್ಪ ಅಮ್ಮ ಕಣ್ಣೆದುರೇ ಸತ್ತ ಹುಡುಗ. ಅದೇ ವರ್ಷ ಬಂದ ಬಿಲ್ಲಿ ಬ್ಯಾಟ್ಸನ್, 'ಶಜಾಮ್' ಎಂದು ಕೂಗಿ ದೊಡ್ಡವನಾಗುವವನು, ಅವನೂ ತಬ್ಬಲಿ. 1962ರ ಆಗಸ್ಟ್ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನನ್ನು ಕಾಮಿಕ್ಸಿಗೆ ತಂದರು. ಆ ಪೀಟರ್ ಪಾರ್ಕರ್‌ಗೂ ತಂದೆತಾಯಿ ಇಲ್ಲ. ಸಾಕಿದ ಅಂಕಲ್ ಬೆನ್ ಮೊದಲ ಕಥೆಯಲ್ಲೇ ತೀರಿಕೊಳ್ಳುತ್ತಾರೆ. ಕಥೆ ಬರೆಯುವವರ ಕಷ್ಟವೂ ಅರ್ಥವಾಗುತ್ತದೆ ಬಿಡಿ. ಅಪ್ಪ ಅಮ್ಮ ಇಬ್ಬರೂ ಗಟ್ಟಿಮುಟ್ಟಾಗಿದ್ದರೆ, ನಾಳೆ ಪರೀಕ್ಷೆ ಇಟ್ಟುಕೊಂಡಿರುವ ಹುಡುಗ ರಾತ್ರಿ ಒಂಬತ್ತರ ಮೇಲೆ ಊರು ಉಳಿಸಲು ಹೊರಡುವುದಾದರೂ ಹೇಗೆ?

ಆ ಕಷ್ಟವನ್ನು ತಪ್ಪಿಸಿಕೊಳ್ಳದೆ ಮೈಮೇಲೆ ಹಾಕಿಕೊಂಡ ಒಂದು ಸಿನಿಮಾ ಇದೆ. 2018ರಲ್ಲಿ ಬಂದ 'ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್'. ಮುಂದಿನ ವರ್ಷ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪಡೆಯಿತು. ಇದರ ನಾಯಕ ಪೀಟರ್ ಅಲ್ಲ, ಮೈಲ್ಸ್ ಮೊರಾಲಿಸ್. ನ್ಯೂಯಾರ್ಕಿನ ಬ್ರೂಕ್ಲಿನ್ ಹುಡುಗ. ಅಪ್ಪ ಜೆಫರ್ಸನ್ ಕಪ್ಪು ಸಮುದಾಯದ ಪೊಲೀಸ್, ಅಮ್ಮ ರಿಯೋ ಪೋರ್ಟೊ ರಿಕೊ ಮೂಲದ ನರ್ಸ್. ಇಬ್ಬರೂ ಜೀವಂತವಾಗಿದ್ದಾರೆ, ಇಬ್ಬರೂ ದುಡಿಯುತ್ತಾರೆ, ಇಬ್ಬರಿಗೂ ಮಗನ ಓದಿನದೇ ಚಿಂತೆ. ಅಮ್ಮ ಸ್ಪ್ಯಾನಿಷ್‌ನಲ್ಲಿ ಮಾತಾಡಿಸುತ್ತಾಳೆ, ಮಗ ಇಂಗ್ಲಿಷು ಬೆರೆಸಿ ಉತ್ತರ ಕೊಡುತ್ತಾನೆ. ಅಮೆರಿಕದಲ್ಲಿರುವ ನಮ್ಮ ಎಷ್ಟೋ ಕನ್ನಡದ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಬೆಂಗಳೂರಿನಲ್ಲೂ ನಡೆಯುತ್ತದೆ ಅನ್ನುತ್ತೀರಾ? ಸರಿ, ಅದೂ ನಿಜ.

ಮೈಲ್ಸ್‌ಗೆ ದೊಡ್ಡ ಶಾಲೆಯಲ್ಲಿ ಸೀಟು ಸಿಕ್ಕಿದೆ. ವಾರವಿಡೀ ಅಲ್ಲೇ ಹಾಸ್ಟೆಲ್ ವಾಸ. ಅವನಿಗೆ ಆ ಶಾಲೆ ಬೇಡ, ಹಳೆಯ ಗೆಳೆಯರು ಬೇಕು. ಹೇಗಾದರೂ ಹೊರಗೆ ಹಾಕಿಸಿಕೊಳ್ಳಬೇಕೆಂದು ಒಂದು ಪರೀಕ್ಷೆಯಲ್ಲಿ ಸೊನ್ನೆ ತೆಗೆಯುತ್ತಾನೆ. ಅದು ಸರಿಯೋ ತಪ್ಪೋ ಗುರುತಿಸುವ ಪರೀಕ್ಷೆ. ಕಣ್ಣು ಕಟ್ಟಿಕೊಂಡು ಬರೆದರೂ ಅರ್ಧ ಅಂಕ ಬರಬೇಕು, ಪೂರ್ತಿ ಸೊನ್ನೆ ಬರಬೇಕಾದರೆ ಎಲ್ಲ ಉತ್ತರವೂ ಗೊತ್ತಿರಲೇಬೇಕು ಎಂದು ಅವನ ಟೀಚರ್ ಹಿಡಿದುಬಿಡುತ್ತಾರೆ. ಆ ಸೊನ್ನೆಯನ್ನೇ ನೂರು ಮಾಡಿ ಕೈಗಿಡುತ್ತಾರೆ. ಅಂಕಪಟ್ಟಿ ನೋಡಿ ಮಕ್ಕಳನ್ನು ಅಳೆಯುವ ನಮ್ಮಂಥವರು ಒಂದು ಕ್ಷಣ ಮೊಬೈಲು ಕೆಳಗಿಡಬೇಕಾದ ಜಾಗ ಇದು.

ಇದಕ್ಕೂ ಮೊದಲು ಇನ್ನೊಂದು ದೃಶ್ಯ ಬರುತ್ತದೆ. ಅಪ್ಪ ಪೊಲೀಸ್ ಕಾರಿನಲ್ಲಿ ಮಗನನ್ನು ಶಾಲೆಗೆ ಬಿಡುತ್ತಾನೆ. ನಿನ್ನನ್ನು ಕಂಡರೆ ನನಗೆ ಪ್ರೀತಿ ಕಣೋ ಅನ್ನುತ್ತಾನೆ. ಮಗ 'ಗೊತ್ತಪ್ಪಾ' ಎಂದು ಇಳಿದು ನಡೆಯುತ್ತಾನೆ. ಅಪ್ಪ ಬಿಡುವವನಲ್ಲ. ಕಾರಿನ ಧ್ವನಿವರ್ಧಕದಲ್ಲಿ, ಶಾಲೆಯ ಹುಡುಗರೆಲ್ಲ ನೋಡುತ್ತಿರುವಾಗ, ನೀನೂ ಹೇಳಬೇಕು ಎಂದು ಹಟ ಹಿಡಿಯುತ್ತಾನೆ. ಪಾಪ, ಹುಡುಗ ಹೇಳಲೇಬೇಕಾಗುತ್ತದೆ. ನಮ್ಮ ಅಪ್ಪಂದಿರು ಪ್ರೀತಿಯ ಮಾತು ಬಾಯಿಬಿಟ್ಟು ಆಡುವುದಿಲ್ಲ. ಗೇಟಿನ ಬಳಿ ನಿಂತು 'ಸ್ವೆಟರ್ ಹಾಕ್ಕೊಂಡ್ಯೇನೋ' ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಮಗನಿಗಾಗುವ ಮಾನಭಂಗ ಮಾತ್ರ ಎರಡೂ ಕಡೆ ಒಂದೇ.

ಆಮೇಲಿನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಅಪ್ಪನ ತಮ್ಮ ಆರನ್ ಎಂದರೆ ಮೈಲ್ಸ್‌ಗೆ ಪ್ರಾಣ. ಅಣ್ಣ ತಮ್ಮನಿಗೆ ಮಾತುಕತೆ ಅಷ್ಟಕ್ಕಷ್ಟೇ. ಈ ಚಿಕ್ಕಪ್ಪನ ಜೊತೆ ಸುರಂಗ ರೈಲಿನ ನೆಲಮಾಳಿಗೆಯಲ್ಲಿ ಗೋಡೆಗೆ ಬಣ್ಣ ಬಳಿಯಲು ಹೋದಾಗಲೇ ಜೇಡ ಕಚ್ಚುವುದು, ಶಕ್ತಿ ಬರುವುದು. ಖಳನಾಯಕನ ಬಂಟನಾಗಿ ಮುಖವಾಡ ತೊಟ್ಟು ತನ್ನನ್ನೇ ಬೆನ್ನಟ್ಟುತ್ತಿರುವವನು ಈ ಚಿಕ್ಕಪ್ಪನೇ ಎಂದು ಹುಡುಗನಿಗೆ ನಡುವೆ ತಿಳಿಯುತ್ತದೆ. ಕೊಲ್ಲಬೇಕಾದ ಹುಡುಗ ತನ್ನ ಅಣ್ಣನ ಮಗ ಎಂದು ಆರನ್‌ಗೂ ತಿಳಿಯುತ್ತದೆ. ಅವನು ಕೈಬಿಡುತ್ತಾನೆ. ಆ ತಪ್ಪಿಗೆ ಯಜಮಾನ ಅವನನ್ನೇ ಗುಂಡಿಟ್ಟು ಕೊಲ್ಲುತ್ತಾನೆ. ಓಡಿ ಬಂದ ಅಪ್ಪನಿಗೆ ಕಾಣುವುದು ತಮ್ಮನ ಹೆಣ, ಅದರ ಪಕ್ಕದಲ್ಲಿ ಮುಖವಾಡದ ಸ್ಪೈಡರ್‌ಮ್ಯಾನ್. ಅದು ತನ್ನ ಮಗನೆಂದು ಅವನಿಗೇನು ಗೊತ್ತು?

ಈಗ ನಾನು ಹೇಳಬೇಕೆಂದಿರುವ ದೃಶ್ಯ. ಮೈಲ್ಸ್ ಹಾಸ್ಟೆಲ್ ಕೋಣೆಯಲ್ಲಿದ್ದಾನೆ. ಇವನಿನ್ನೂ ಹೋರಾಟಕ್ಕೆ ತಯಾರಾಗಿಲ್ಲವೆಂದು ಬೇರೊಂದು ಲೋಕದಿಂದ ಬಂದು ಜೊತೆಯಾಗಿರುವ ಹಿರಿಯ ಸ್ಪೈಡರ್‌ಮ್ಯಾನ್ ಇವನನ್ನು ಕುರ್ಚಿಗೆ ಬಲೆಯಿಂದ ಕಟ್ಟಿ, ಬಾಯಿಗೂ ಬಲೆ ಹಚ್ಚಿ ಹೋಗಿದ್ದಾನೆ. ಬಾಗಿಲು ಬಡಿಯುವ ಸದ್ದು. ಅಪ್ಪ. ಸಾವಿನ ಸುದ್ದಿ ಹೇಳಲು ಬಂದಿದ್ದಾನೆ. ಒಳಗಿನಿಂದ ಉತ್ತರವಿಲ್ಲ, ಬಾಗಿಲಡಿಯ ಸಂದಿಯಲ್ಲಿ ಮಗನ ನೆರಳು ಆಡುವುದು ಮಾತ್ರ ಕಾಣುತ್ತಿದೆ. ಮಗ ಮುನಿಸಿಕೊಂಡಿದ್ದಾನೆ ಎಂದುಕೊಂಡ ಅಪ್ಪ ಮುಚ್ಚಿದ ಬಾಗಿಲಿಗೇ ಮಾತಾಡುತ್ತಾನೆ. ಜನ ದೂರವಾಗಿಬಿಡುತ್ತಾರೆ, ನಾವಿಬ್ಬರು ಹಾಗಾಗುವುದು ಬೇಡ ಅನ್ನುತ್ತಾನೆ. ನಿನ್ನಲ್ಲೊಂದು ಕಿಡಿ ಕಾಣುತ್ತದೆ, ಅದಕ್ಕೇ ಅಷ್ಟು ಒತ್ತಾಯ ಮಾಡುತ್ತೇನೆ, ಅದನ್ನೇನು ಮಾಡಿಕೊಳ್ಳುವುದೋ ಅದು ನಿನಗೇ ಸೇರಿದ್ದು ಅನ್ನುತ್ತಾನೆ. ಕೊನೆಗೆ ಅದೇ ಪ್ರೀತಿಯ ಮಾತು. ಈ ಸಲ, ನೀನು ತಿರುಗಿ ಹೇಳಬೇಕಾಗಿಲ್ಲ ಎಂದು ಸೇರಿಸಿ ಹೊರಟುಹೋಗುತ್ತಾನೆ. ಒಳಗೆ ಹುಡುಗನಿಗೆ ಹೇಳುವ ಆಸೆ ಗಂಟಲವರೆಗೂ ಬಂದಿದೆ, ಬಾಯಿ ಬಿಡಲಾಗುತ್ತಿಲ್ಲ.

ಹದಿನಾಲ್ಕು ಹದಿನೈದರ ಮಕ್ಕಳಿರುವ ಮನೆಯವರೇ, ಕೋಣೆಯ ಬಾಗಿಲು ಹಾಕಿಕೊಂಡ ಮಗಳಿಗೆ ಹೊರಗಿನಿಂದ 'ಊಟಕ್ಕೆ ಬಾರೇ' ಎಂದು ಕರೆದು ಕರೆದು ಸುಮ್ಮನಾದ ಅನುಭವ ನಿಮಗಿದೆ ತಾನೇ? ಬಾಗಿಲಿನ ಎರಡೂ ಬದಿಯನ್ನು ಒಂದೇ ಸಲ ತೋರಿಸುವ ದೃಶ್ಯ ಇದು. ಅಪ್ಪ ಹೊರಗಿನದನ್ನು ನೋಡುತ್ತಾನೆ, ಮಗಳು ಒಳಗಿನದನ್ನು. ಒಂದೇ ಸೋಫಾ ಮೇಲೆ ಕೂತು ನೋಡುತ್ತಾರೆ. ಹುಡುಗನಿಗೆ ಬಲೆ ಹರಿದು ಹೊರಬರುವ ತ್ರಾಣ ಬರುವುದೂ ಈ ಮಾತು ಕೇಳಿದ ಮೇಲೆಯೇ. ಮನೆಮಂದಿ ಕೂತು ನೋಡುವ ಸಿನಿಮಾ ಎಂದು ನಾನು ಕರೆಯುವುದು ಇದನ್ನು.

'ಅಯ್ಯೋ, ಚಿಕ್ಕಪ್ಪನನ್ನು ಗುಂಡಿಟ್ಟು ಕೊಲ್ಲುವುದನ್ನು ಮಕ್ಕಳಿಗೆ ತೋರಿಸುವುದೇ' ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಮಾತು ಕೇಳುತ್ತೇನೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಚಾಪೆ ಕಂಬಳಿ ಹೊತ್ತು, ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ನಾವು ನೋಡಿದ್ದೇನು? ಅಭಿಮನ್ಯು ಕಾಳಗ. ಹದಿನಾರರ ಹುಡುಗನನ್ನು ದೊಡ್ಡ ದೊಡ್ಡ ವೀರರೆಲ್ಲ ಸುತ್ತುಗಟ್ಟಿ ಕೊಲ್ಲುವ ಕಥೆ. ಅಲ್ಲಿ ಜನ ಕಣ್ಣೊರೆಸಿಕೊಳ್ಳುವುದು ಚಕ್ರವ್ಯೂಹದಲ್ಲಿ ಬಾಣ ಹಾರುವಾಗಲ್ಲ. ಸುಭದ್ರೆ ಮಗನನ್ನು ತಡೆದು, ಬೇಡ ಕಂದಾ ಎಂದು ಅಂಗಲಾಚುವಾಗ. ಅಮ್ಮ ಅಲ್ಲಿ ನಿಂತಿರುವುದರಿಂದಲೇ ಆ ಸಾವಿಗೆ ತೂಕ. ತೂಕವಿಲ್ಲದ ಸಾವುಗಳೇ ಮಕ್ಕಳಿಗೆ ಕೆಟ್ಟದ್ದು ಎಂದು ನನ್ನ ಎಣಿಕೆ. ನೂರು ಕಟ್ಟಡ ಉರುಳಿ, ಒಳಗಿದ್ದವರು ಏನಾದರೋ ಎಂದು ಯಾರೂ ಕೇಳದ ಸಿನಿಮಾಗಳಿಗೆ ನಾವು ಪಾಪ್‌ಕಾರ್ನ್ ಸಮೇತ ಕರೆದುಕೊಂಡು ಹೋಗುತ್ತೇವಲ್ಲ, ಅವುಗಳ ಬಗ್ಗೆ ನನಗೆ ಹೆಚ್ಚು ದಿಗಿಲು.

ಈ ಚಿತ್ರದ ಖಳ ಕಿಂಗ್‌ಪಿನ್ ಕೂಡ ಮನೆ ಕಳೆದುಕೊಂಡವನೇ. ತೀರಿಹೋದ ಹೆಂಡತಿ ಮಗನನ್ನು ಬೇರೆ ಲೋಕದಿಂದ ಎಳೆದು ತರಲು ಊರನ್ನೇ ನುಚ್ಚುನೂರು ಮಾಡಲು ಹೊರಟಿದ್ದಾನೆ. ಇನ್ನು ಮೈಲ್ಸ್‌ನನ್ನು ಕಟ್ಟಿಹಾಕಿದ ಆ ಹಿರಿಯ ಸ್ಪೈಡರ್‌ಮ್ಯಾನ್, ಹೊಟ್ಟೆ ಬಂದ, ಹೆಂಡತಿಯಿಂದ ದೂರವಾದ, ಮಕ್ಕಳೆಂದರೆ ಹೆದರುವ ನಡುವಯಸ್ಸಿನವನು. ನಲವತ್ತು ದಾಟಿದ ಗಂಡಸರು ಅವನನ್ನು ನೋಡಿ ನಗುತ್ತಾರೆ, ಸ್ವಲ್ಪ ಹೊತ್ತಾದ ಮೇಲೆ ನಗು ನಿಲ್ಲಿಸುತ್ತಾರೆ.

ಚಿತ್ರ ಬಿಡಿಸಿರುವ ರೀತಿಯ ಬಗ್ಗೆ ಒಂದು ಚೂರು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. ಮೊದಮೊದಲು ಮೈಲ್ಸ್‌ನ ಚಲನೆಗೆ ಸೆಕೆಂಡಿಗೆ 12 ಭಂಗಿ ಮಾತ್ರ ಕೊಟ್ಟಿದ್ದಾರೆ. ಪಕ್ಕದಲ್ಲಿ ಜಿಗಿಯುವ ಅನುಭವಿಗೆ ಪೂರ್ತಿ 24. ಅದಕ್ಕೇ ಹುಡುಗ ಎಡವುತ್ತಿರುವಂತೆ ಕಾಣುತ್ತಾನೆ. ಕಲಿತ ಮೇಲೆ ಅವನೂ ಸರಾಗವಾಗುತ್ತಾನೆ. ಮನೆಯಲ್ಲಿ ಚಿತ್ರ ಬರೆಯುವ ಮಗುವಿದ್ದರೆ ಇದನ್ನು ಹೇಳಿ ನೋಡಿ, ಮತ್ತೊಮ್ಮೆ ಹಾಕು ಎಂದು ಪೀಡಿಸುವುದು ಖಂಡಿತ.

ನನ್ನ ತಕರಾರು ಇರುವುದು ಬೇರೆ ಕಡೆ. ಹುಡುಗ ಮನೆಯವರಿಗೆ ಸುಳ್ಳು ಹೇಳುತ್ತಾನೆ, ಸಿನಿಮಾ ಮುಗಿದರೂ ನಿಜ ಹೇಳುವುದಿಲ್ಲ. ಮುಖವಾಡ ತೊಟ್ಟೇ ಅಪ್ಪನನ್ನು ಅಪ್ಪಿಕೊಳ್ಳುತ್ತಾನೆ. ನೋಡಲು ಸೊಗಸು, ಆದರೆ ಗುಟ್ಟು ಇಟ್ಟುಕೊಳ್ಳುವುದೇ ದೊಡ್ಡಸ್ತಿಕೆ ಎಂಬಂತೆ ಕೇಳಿಸುತ್ತದೆ. 2023ರಲ್ಲಿ ಬಂದ ಎರಡನೆಯ ಭಾಗದಲ್ಲಿ ಈ ಸುಳ್ಳಿನ ಸಾಲ ಬಡ್ಡಿಸಮೇತ ವಸೂಲಾಗುತ್ತದೆ. ಅಪ್ಪ ಅಮ್ಮ ಶಾಲೆಯಲ್ಲಿ ಕಾದು ಕೂತಿರುತ್ತಾರೆ, ಮಗ ತಡವಾಗಿ ಓಡಿ ಬರುತ್ತಾನೆ. ಎಷ್ಟೋ ತಳಮಳದ ನಂತರ ಕೊನೆಗೂ ಅಮ್ಮನೆದುರು ನಿಂತು ಎಲ್ಲ ಹೇಳಿಬಿಡುತ್ತಾನೆ. ಹೇಳಿದ ಮೇಲೆ ಗೊತ್ತಾಗುತ್ತದೆ, ತಾನು ಬಂದಿರುವುದು ಬೇರೊಂದು ಲೋಕಕ್ಕೆ, ಎದುರಿಗಿರುವವಳು ತನ್ನ ಅಮ್ಮ ಅಲ್ಲ ಎಂದು. ಬರೆದವರಿಗೆ ನನ್ನ ಸಲಾಮು. ಆದರೆ ಆ ಭಾಗ 140 ನಿಮಿಷ ಓಡಿ, ಕಥೆ ಮುಗಿಯದೆ ನಿಲ್ಲುತ್ತದೆ. ಸಣ್ಣ ಮಕ್ಕಳು ಸಿಟ್ಟಿಗೇಳುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದೇ.

ಈ ಎರಡನೆಯ ಭಾಗ ನಮ್ಮ ದೇಶದಲ್ಲಿ ಇಂಗ್ಲಿಷೂ ಸೇರಿ 10 ಭಾಷೆಗಳಲ್ಲಿ ತೆರೆಗೆ ಬಂತು, ಅದರಲ್ಲಿ ಕನ್ನಡವೂ ಒಂದು. ಡಬ್ಬಿಂಗ್ ಬೇಕೋ ಬೇಡವೋ ಎಂಬ ನಮ್ಮ ಹಳೆಯ ಜಗಳವನ್ನು ಇಲ್ಲಿ ಕೆದಕುವುದಿಲ್ಲ. ಇಷ್ಟೇ ಹೇಳುತ್ತೇನೆ: ಮೊಮ್ಮಗನ ಜೊತೆ ಕೂತ ಅಜ್ಜಿಗೆ ಮಾತು ತಿಳಿಯದಿದ್ದರೆ, ಅವರನ್ನು ಬಿಟ್ಟು ಉಳಿದವರು ಸಿನಿಮಾ ನೋಡಿದ ಹಾಗಾಯಿತು.

ಬಣ್ಣದ ಉಡುಪು ನೋಡಿ ಎಲ್ಲ ಹದಿಹರೆಯದ ಹೀರೋಗಳೂ ಮಕ್ಕಳಿಗೇ ಎಂದು ನಂಬಬೇಡಿ. 2010ರಲ್ಲಿ ಬಂದ 'ಕಿಕ್‌-ಆಸ್' ಎಂಬ ಚಿತ್ರದಲ್ಲಿ ಹನ್ನೊಂದರ ಹುಡುಗಿ ರಕ್ತದ ಓಕುಳಿ ಆಡುತ್ತಾಳೆ. ಅದು ದೊಡ್ಡವರಿಗೆ ಮಾಡಿದ್ದು. ಅಪ್ಪನೇ ಅವಳಿಗೆ ಗುಂಡು ಹೊಡೆದು ತರಬೇತಿ ಕೊಡುವ ಮನೆ ಅದು. ಹಾಗಾಗಿ ಮನೆ ಇದೆಯೇ ಎಂಬ ನನ್ನ ಪ್ರಶ್ನೆಯೊಂದೇ ಸಾಲದು, ಸರ್ಟಿಫಿಕೇಟನ್ನೂ ನೋಡಬೇಕು. 2023ರ ಕಾನೂನು ತಿದ್ದುಪಡಿಯ ಮೇಲೆ ನಮ್ಮ ಯು/ಎ ದರ್ಜೆ 7, 13, 16 ವಯಸ್ಸೆಂದು ಮೂರಾಗಿದೆ. ಮೊಬೈಲು, ಟಿವಿಯ ಆ್ಯಪ್‌ಗಳಲ್ಲೂ ಇದೇ ಅಂಕಿಗಳು ಮೂಲೆಯಲ್ಲಿ ಕಾಣುತ್ತವೆ. ಆದರೆ ಈ ಅಂಕಿ ಬರೀ ಸೂಚನೆ. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ, ತೀರ್ಮಾನ ತಂದೆತಾಯಿಯದೇ.

ಸ್ಪೈಡರ್‌ವರ್ಸ್‌ನ ಮೊದಲ ಭಾಗವನ್ನು ಹತ್ತು ದಾಟಿದ ಮಕ್ಕಳ ಜೊತೆ ಧಾರಾಳವಾಗಿ ನೋಡಿ. ಸುಮಾರು ಎರಡು ಗಂಟೆ. ಹಗಲು ನೋಡುವುದು ವಾಸಿ. ಬೆಳಕು ಝಗಝಗ ಮಿನುಗುವ ದೃಶ್ಯಗಳು ಬಹಳ ಇವೆ, ಫಿಟ್ಸ್ ಬರುವ ಮಕ್ಕಳಿದ್ದರೆ ಇದನ್ನು ತೋರಿಸಲೇಬೇಡಿ. ಮುಗಿದ ಕೂಡಲೇ 'ಇದರಿಂದ ಏನು ಕಲಿತೆ' ಎಂದು ಕೇಳಿ ಮಕ್ಕಳ ಬಾಯಿ ಮುಚ್ಚಿಸಬೇಡಿ. ಮನೆಯಲ್ಲಿ ಐದಾರು ವರ್ಷದ ಪುಟ್ಟವರೂ ಇದ್ದರೆ, ಚಿಕ್ಕಪ್ಪನ ಮುಖವಾಡ ಅವರ ನಿದ್ದೆ ಕೆಡಿಸುತ್ತದೆ. ಅವರಿಗಾಗಿ ಇನ್ನೊಂದೆರಡು ಬೇಸಿಗೆ ರಜೆ ಕಾಯಿರಿ. ಸಿನಿಮಾ ಎಲ್ಲಿಗೂ ಓಡಿಹೋಗುವುದಿಲ್ಲ.

ನಮಸ್ಕಾರ.