ನಡುವೆ ತೂತು, ಸುತ್ತ ವ್ಯಾಪಾರ

ಕೇಳುಗರಿಗೆ ನಮಸ್ಕಾರ.

ಚಾಕೊಲೇಟ್ ಮಾರುವವನಿಗೆ ಬೇಸಿಗೆ ಬಂತೆಂದರೆ ಸಂಕಟ. 1912ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿದ್ದ ಕ್ಲಾರೆನ್ಸ್ ಕ್ರೇನ್ ಎಂಬ ಚಾಕೊಲೇಟ್ ತಯಾರಕನಿಗೂ ಇದೇ ಚಿಂತೆ. ಅಂಗಡಿಗಳಲ್ಲಿ ಹವಾನಿಯಂತ್ರಣವೆಂಬುದೇ ಇಲ್ಲದ ಕಾಲ. ಬಿಸಿಲೇರಿದಂತೆ ಸರಕೂ ಕರಗುತ್ತಿತ್ತು, ಗಿರಾಕಿಗಳೂ ಕರಗುತ್ತಿದ್ದರು. ಸೆಕೆಗೆ ಜಗ್ಗದ ಮಿಠಾಯಿಯೊಂದು ಅವನಿಗೆ ಬೇಕಿತ್ತು. ಪೆಪ್ಪರ್‌ಮಿಂಟ್ ಆರಿಸಿಕೊಂಡ.

ಆಗ ಅಲ್ಲಿ ಸಿಗುತ್ತಿದ್ದ ಪೆಪ್ಪರ್‌ಮಿಂಟ್‌ಗಳಲ್ಲಿ ಹೆಚ್ಚಿನವು ಯುರೋಪಿನಿಂದ ಬರುತ್ತಿದ್ದವು. ಆಕಾರದಲ್ಲಿ ಪುಟ್ಟ ದಿಂಬುಗಳು. ತನ್ನ ಮಾಲು ಬೇರೆಯಾಗಿ ಕಾಣಲೆಂದು ಕ್ರೇನ್, ಔಷಧದ ಮಾತ್ರೆ ಒತ್ತುವ ಯಂತ್ರದಲ್ಲಿ ದುಂಡು ಬಿಲ್ಲೆಗಳನ್ನು ಒತ್ತಿಸಿ ನಡುವೆ ತೂತು ಬಿಡಿಸಿದ. ನೋಡಿದರೆ ಅದು ಹಡಗುಗಳಲ್ಲಿ ನೇತುಹಾಕಿರುವ, ನೀರಿಗೆ ಬಿದ್ದವರತ್ತ ಎಸೆಯುವ ಜೀವರಕ್ಷಕ ಬಳೆಯ ಹಾಗಿತ್ತು. ಲೈಫ್ ಸೇವರ್ಸ್ ಎಂದು ಹೆಸರಿಟ್ಟ. ಮೊದಲ ಹೊದಿಕೆಯ ಮೇಲೆ ಮುದಿ ನಾವಿಕನೊಬ್ಬ ನೀರಿನಲ್ಲಿರುವ ಹೆಂಗಸಿಗೆ ಬಳೆ ಎಸೆಯುವ ಚಿತ್ರ.

ಈ ತೂತಿನ ಬಗ್ಗೆ ಒಂದು ಕಥೆ ಬಹಳ ಕಾಲದಿಂದ ಓಡಾಡುತ್ತಿದೆ. ಕ್ರೇನ್‌ನ ಮಗಳು ಮಿಠಾಯಿ ಗಂಟಲಿಗೆ ಸಿಕ್ಕಿ ಉಸಿರುಗಟ್ಟಿ ಸತ್ತಳಂತೆ, ಇನ್ನೊಂದು ಮಗುವಿಗೆ ಹಾಗಾಗದಿರಲೆಂದು ತಂದೆ ಗಾಳಿಯಾಡಲು ತೂತು ಇಟ್ಟನಂತೆ. ಕೇಳಲು ಚೆನ್ನಾಗಿದೆ. ಆದರೆ ಕ್ರೇನ್‌ಗೆ ಮಗಳೇ ಇರಲಿಲ್ಲ. ಇದ್ದವನು ಒಬ್ಬನೇ ಮಗ, ಹಾರ್ಟ್ ಕ್ರೇನ್. ಅಮೆರಿಕದ ಆಧುನಿಕ ಕಾವ್ಯದ ದೊಡ್ಡ ಹೆಸರುಗಳಲ್ಲಿ ಒಂದು. ಮಗ ಮಿಠಾಯಿ ವ್ಯಾಪಾರಕ್ಕೆ ಬರಲಿ ಎಂಬುದು ತಂದೆಯ ಆಸೆ. ಮಗ ಕೆಲಕಾಲ ತಂದೆಯ ಅಂಗಡಿಯಲ್ಲಿ ದುಡಿದರೂ ಮನಸ್ಸು ನಿಲ್ಲಲಿಲ್ಲ, ಇಬ್ಬರಿಗೂ ಸರಿಬೀಳಲಿಲ್ಲ. ತಂದೆ 1931ರಲ್ಲಿ ತೀರಿಕೊಂಡ. ಮರುವರ್ಷ ಏಪ್ರಿಲ್ 27ರಂದು, ಮೆಕ್ಸಿಕೋದಿಂದ ಮರಳುತ್ತಿದ್ದ ಒರಿಝಾಬಾ ಎಂಬ ಹಡಗಿನಿಂದ ಕವಿ ಸಮುದ್ರಕ್ಕೆ ಹಾರಿದ. ವಯಸ್ಸು 32. ದೋಣಿಗಳನ್ನು ಇಳಿಸಿ ಹುಡುಕಿದರೂ ದೇಹ ಸಿಗಲಿಲ್ಲ. ಮಗಳ ಕಟ್ಟುಕಥೆಯನ್ನು ಹಬ್ಬಿಸಿದವರಿಗೆ ಈ ನಿಜ ತಿಳಿದಿತ್ತೋ ಇಲ್ಲವೋ.

ಇರಲಿ, ವ್ಯಾಪಾರಕ್ಕೆ ಬರೋಣ. ಈ ಮಿಠಾಯಿಯಿಂದ ಕ್ರೇನ್ ಶ್ರೀಮಂತನಾಗಲಿಲ್ಲ. ನ್ಯೂಯಾರ್ಕಿನಲ್ಲಿ ಟ್ರಾಮುಗಳೊಳಗಿನ ಜಾಹೀರಾತು ಜಾಗ ಮಾರುತ್ತಿದ್ದ ಎಡ್ವರ್ಡ್ ನೋಬಲ್ ಎಂಬ ಯುವಕ ಇದನ್ನು ತಿಂದು ನೋಡಿ, ಜಾಹೀರಾತು ಕೊಡಿ ಎಂದು ಕ್ರೇನ್ ಬಳಿಗೆ ಹೋದ. ಕ್ರೇನ್‌ಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಅಷ್ಟು ನಂಬಿಕೆಯಿದ್ದರೆ ನೀನೇ ಕೊಂಡುಕೋ ಎಂದುಬಿಟ್ಟ. ನೋಬಲ್ ತನ್ನ ಗೆಳೆಯನೊಬ್ಬನನ್ನು ಕೂಡಿಸಿಕೊಂಡು, 1913ರಲ್ಲಿ, 2,900 ಡಾಲರ್ ಕೊಟ್ಟು ಹಕ್ಕುಗಳನ್ನು ಕೊಂಡ.

ಕೊಂಡ ಮೇಲೆ ತಿಳಿದದ್ದು, ಅಂಗಡಿಗಳಲ್ಲಿದ್ದ ಹಳೆಯ ಸರಕೆಲ್ಲ ಕೆಟ್ಟಿತ್ತು ಎಂದು. ರಟ್ಟಿನ ಕೊಳವೆಯಲ್ಲಿ ತುಂಬಿಟ್ಟ ಮಿಠಾಯಿ ತನ್ನ ಪರಿಮಳ ಕಳೆದುಕೊಂಡು ಅಂಟಿನ ವಾಸನೆ ಹಿಡಿದಿತ್ತು. ನೋಬಲ್ ಮಿಠಾಯಿಯನ್ನು ಮುಟ್ಟಲಿಲ್ಲ, ಹೊದಿಕೆಯನ್ನು ಬದಲಿಸಿದ: ತವರದ ತೆಳು ಹಾಳೆಯಲ್ಲಿ ಬಿಗಿಯಾಗಿ ಸುತ್ತಿಸಿದ. ಮೊದಮೊದಲು ಅದೆಲ್ಲ ಕೈಕೆಲಸ. ಸುತ್ತುವ ಯಂತ್ರ ಬಂದದ್ದು 1919ರಲ್ಲಿ. ಆದರೆ ಒಮ್ಮೆ ಕೈಸುಟ್ಟುಕೊಂಡ ಅಂಗಡಿಯವರು ಮತ್ತೆ ಈ ಹೆಸರನ್ನೇ ಕೇಳಲು ಸಿದ್ಧರಿರಲಿಲ್ಲ. ಆಗ ಅವನು ಮಿಠಾಯಿ ಅಂಗಡಿಗಳನ್ನು ಬಿಟ್ಟು ಸಾರಾಯಿ ಅಂಗಡಿ, ಕ್ಷೌರದ ಅಂಗಡಿ, ಸಿಗಾರಿನ ಅಂಗಡಿಗಳ ಬಾಗಿಲು ತಟ್ಟಿದ. ಕುಡಿದು ಮನೆಗೆ ಹೊರಟವರು ಬಾಯಿವಾಸನೆ ಮರೆಸಲು ಲವಂಗ ಅಗಿಯುತ್ತಿದ್ದ ದಿನಗಳವು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಮಿಠಾಯಿ ಇಡಿ, ಮೇಲೆ ಐದು ಸೆಂಟ್ ಎಂದು ದೊಡ್ಡದಾಗಿ ಬರೆಯಿರಿ, ಗಿರಾಕಿಗೆ ಕೊಡುವ ಚಿಲ್ಲರೆಯಲ್ಲಿ ಒಂದು ಐದು ಸೆಂಟಿನ ನಾಣ್ಯ ಇದ್ದೇ ಇರಲಿ: ಇಷ್ಟೇ ಅವನ ಉಪಾಯ. ನಮ್ಮಲ್ಲಿ ಚಿಲ್ಲರೆ ಇಲ್ಲವೆಂದು ಅಂಗಡಿಯವರು ಎರಡು ಮಿಠಾಯಿ ಕೈಗಿಡುತ್ತಾರಲ್ಲ, ಅದರ ತಿರುಗುಮುರುಗು. ಇಂದು ಯಾವ ಸೂಪರ್ ಮಾರ್ಕೆಟ್ಟಿಗೆ ಹೋದರೂ ಬಿಲ್ಲು ಹಾಕುವ ಕಟ್ಟೆಯ ಬಳಿ ಸಾಲಾಗಿ ನಿಂತಿರುವ ಸಣ್ಣಪುಟ್ಟ ಪೊಟ್ಟಣಗಳನ್ನು ಕಂಡಾಗ ನನಗೆ ಈ ಮಹಾಶಯನ ನೆನಪಾಗುತ್ತದೆ. ಹಾಗೆಂದು ಅವನ ಮೇಲೆ ಪ್ರೀತಿಯೇನೂ ಉಕ್ಕುವುದಿಲ್ಲ.

ಬಾನುಲಿಯಲ್ಲಿ ಕುಳಿತು ನೋಬಲ್‌ನ ಮುಂದಿನ ಸಾಹಸವನ್ನು ಹೇಳದಿರಲಾಗದು. ಅಮೆರಿಕದ ಎನ್‌ಬಿಸಿ ಸಂಸ್ಥೆಯ ಕೈಯಲ್ಲಿ ರೆಡ್ ಮತ್ತು ಬ್ಲೂ ಎಂಬ ಎರಡು ರೇಡಿಯೋ ಜಾಲಗಳಿದ್ದವು. ಒಬ್ಬರ ಬಳಿ ಎರಡು ಇರಕೂಡದು ಎಂದು ಅಲ್ಲಿನ ಸರ್ಕಾರ ಪಟ್ಟುಹಿಡಿಯಿತು. 1943ರಲ್ಲಿ ಬ್ಲೂ ಜಾಲ ಮಾರಾಟಕ್ಕೆ ಬಂದಾಗ 80 ಲಕ್ಷ ಡಾಲರ್ ಕೊಟ್ಟು ಕೊಂಡವನು ಈ ಮಿಠಾಯಿ ವ್ಯಾಪಾರಿ. ಅದೇ ಮುಂದೆ ಅಮೆರಿಕನ್ ಬ್ರಾಡ್‌ಕಾಸ್ಟಿಂಗ್ ಕಂಪನಿ, ಎಬಿಸಿ ಆಯಿತು. ಐದು ಸೆಂಟಿನ ತೂತು ಮಿಠಾಯಿಯ ದುಡ್ಡು ದೇಶದ ಉದ್ದಗಲದ ಆಕಾಶವಾಣಿಯನ್ನು ಕೊಂಡಿತು.

ನೋಬಲ್‌ನ ನಂತರ ಈ ಮಿಠಾಯಿ ಕೈಯಿಂದ ಕೈಗೆ ಹೋಯಿತು. ಬೀಚ್-ನಟ್, ಸ್ಕ್ವಿಬ್, ನಬಿಸ್ಕೋ, ಕ್ರಾಫ್ಟ್, ರಿಗ್ಲಿ, ಈಗ ಮಾರ್ಸ್. ನ್ಯೂಯಾರ್ಕ್ ರಾಜ್ಯದ ಪೋರ್ಟ್ ಚೆಸ್ಟರ್‌ನಲ್ಲಿದ್ದ ಹಳೆಯ ಕಾರ್ಖಾನೆ 1984ರಲ್ಲಿ ಮುಚ್ಚಿತು. ಆ ಕಟ್ಟಡದಲ್ಲಿ ಈಗ ಜನ ವಾಸವಾಗಿದ್ದಾರೆ. ಮಿಷಿಗನ್ ರಾಜ್ಯದ ಹಾಲೆಂಡ್ ಪಟ್ಟಣದ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು, ತಯಾರಿಕೆ ಕೆನಡಾದ ಕ್ವಿಬೆಕ್‌ಗೆ ಹೋಯಿತು. ಕಾರಣ ಸಕ್ಕರೆ. ಆಮದಿಗೆ ಮಿತಿ ಹಾಕಿ ಅಮೆರಿಕ ತನ್ನ ಸಕ್ಕರೆ ಬೆಳೆಗಾರರನ್ನು ಕಾಯುತ್ತದೆ, ಹಾಗಾಗಿ ಅಲ್ಲಿ ಸಕ್ಕರೆ ದುಬಾರಿ. ಗಡಿ ದಾಟಿದರೆ ಅಗ್ಗ. ಬಹುಪಾಲು ಸಕ್ಕರೆಯೇ ಆಗಿರುವ ಪದಾರ್ಥಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ನಮ್ಮ ಗೂಡಂಗಡಿಗಳಲ್ಲಿ ಸಿಗುವ ತೂತಿನ ಪೆಪ್ಪರ್‌ಮಿಂಟ್ ಪೋಲೋ ಬೇರೆಯ ಕುಲದ್ದು. ಇಂಗ್ಲೆಂಡಿನ ಯಾರ್ಕ್ ನಗರದ ರೌಂಟ್ರೀ ಕಂಪನಿ 1939ರಲ್ಲಿ ಅದನ್ನು ರೂಪಿಸಿತು. ಮಹಾಯುದ್ಧ ಅಡ್ಡಬಂದು, ಅದು ಮಾರುಕಟ್ಟೆಗೆ ಬರುವಷ್ಟರಲ್ಲಿ ಯುದ್ಧ ಮುಗಿದೇ ಹೋಗಿತ್ತು. 1988ರಲ್ಲಿ ನೆಸ್ಲೆ ಆ ಕಂಪನಿಯನ್ನೇ ಕೊಂಡಿತು.

ಇನ್ನು ರುಚಿಗಳು. ಮೊದಲನೆಯದು ಪೆಪ್-ಓ-ಮಿಂಟ್. ಹೆಸರಿನ ನಡುವಿನ ಓ ಅಕ್ಷರವೂ ತೂತೇ. ಅದೇ ಅಚ್ಚಿನಲ್ಲಿ ಲವಂಗ, ದಾಲ್ಚಿನ್ನಿ, ಜ್ಯೇಷ್ಠಮಧು, ವೈಲೆಟ್ ಹೂವಿನ ಪರಿಮಳದವು ಬಂದವು. ಹಣ್ಣಿನ ರುಚಿಯವು 1921ರಲ್ಲಿ ಬಂದವು, ಆರಂಭದಲ್ಲಿ ತೂತಿಲ್ಲದೆ! ಅನಾನಸ್, ಲಿಂಬೆ, ಕಿತ್ತಳೆ, ಚೆರ‍್ರಿ, ಹಸಿರು ಲೈಮ್ ಒಂದೇ ಸುರುಳಿಯಲ್ಲಿ ಸೇರಿದ್ದು 1935ರಲ್ಲಿ.

ಇವುಗಳಲ್ಲಿ ನನಗೆ ಕುತೂಹಲ ವಿಂಟ್-ಓ-ಗ್ರೀನ್ ಮೇಲೆ. ಇದರಲ್ಲಿರುವುದು ವಿಂಟರ್‌ಗ್ರೀನ್ ಎಣ್ಣೆಯ ಪರಿಮಳ, ಅಂದರೆ ಮೀಥೈಲ್ ಸ್ಯಾಲಿಸಿಲೇಟ್. ಊಟಿಗೆ ಹೋದವರು ನೀಲಗಿರಿ ಎಣ್ಣೆಯ ಸೀಸೆಗಳ ಪಕ್ಕದಲ್ಲಿ ಈ ಎಣ್ಣೆಯನ್ನೂ ಕಂಡಿರುತ್ತಾರೆ. ಉಳುಕಿಗೆ ಹಚ್ಚುವ ಮುಲಾಮುಗಳ ಘಾಟು ಇದರದೇ. ನಮ್ಮ ಮೂಗಿಗೆ ಇದು ಮಂಡಿನೋವಿನ ವಾಸನೆ. ಅಮೆರಿಕದ ಮಕ್ಕಳು ಇದನ್ನು ಚಪ್ಪರಿಸುತ್ತಾರೆ, ಚಪ್ಪರಿಸುವುದಷ್ಟೇ ಅಲ್ಲ, ಕತ್ತಲ ಕೋಣೆಗೆ ಹೋಗಿ ಕನ್ನಡಿಯ ಮುಂದೆ ಬಾಯಿ ತೆರೆದು ಕಡಿಯುತ್ತಾರೆ. ಕಡಿದಾಗ ನೀಲಿ ಕಿಡಿ ಹಾರುತ್ತದೆ. ಸಕ್ಕರೆಯ ಹರಳು ಸೀಳಿದಾಗ ಸೀಳಿನ ಎರಡು ಬದಿಗೂ ವಿರುದ್ಧ ವಿದ್ಯುದಂಶ ಕೂಡಿ, ನಡುವಿನ ಗಾಳಿಯ ಸಾರಜನಕ ಮಿಂಚುತ್ತದೆ. ಆ ಬೆಳಕಿನ ಹೆಚ್ಚಿನ ಪಾಲು ನೇರಳಾತೀತ, ಕಣ್ಣಿಗೆ ಕಾಣದು. ವಿಂಟರ್‌ಗ್ರೀನ್ ಎಣ್ಣೆ ಅದನ್ನು ಹೀರಿಕೊಂಡು ಕಾಣುವ ನೀಲಿಯಾಗಿ ಹೊರಬಿಡುತ್ತದೆ.

ಮಾಡಿ ನೋಡುವವರು ಮೊದಲು ಕತ್ತಲೆಗೆ ಕಣ್ಣು ಹೊಂದುವವರೆಗೆ ಕಾಯಬೇಕು, ಬಾಯಿ ಆದಷ್ಟು ಒಣಗಿರಬೇಕು. ಹಲ್ಲು ಗಟ್ಟಿಯಿಲ್ಲದವರು ಇಕ್ಕಳ ಬಳಸಬಹುದು. ಗೂಡಂಗಡಿಯ ಪುದೀನಾ ಮಿಠಾಯಿ ತಂದು ಪರೀಕ್ಷಿಸಿ ಆಮೇಲೆ ನನ್ನನ್ನು ದೂರಬೇಡಿ. ಅದರಲ್ಲಿ ಈ ಎಣ್ಣೆ ಇಲ್ಲ, ಅಂಥ ನೀಲಿ ಬರುವುದಿಲ್ಲ.

ನಮಸ್ಕಾರ.