ಹಲಸಿನ ಬೀಜ ಮತ್ತು ಹೊರದೇಶದ ಪಿಎಚ್‌ಡಿ

ಆಕಾಶವಾಣಿ ಭದ್ರಾವತಿಯ ಕೇಳುಗರಿಗೆ ನಮಸ್ಕಾರ. ಹೊರದೇಶದಲ್ಲಿ ಪಿಎಚ್‌ಡಿ ಮಾಡಬೇಕೆನ್ನುವ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಹಲಸಿನ ಬೀಜ ಹೇಗೆ ನೆರವಾಗಬಹುದು ಎಂಬುದು ಇವತ್ತಿನ ಮಾತು.

ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆಂದು ಮಣ್ಣು ಸವರಿ ಎತ್ತಿಡುವ ಹಲಸಿನ ಬೀಜದಲ್ಲಿ ಜಾಕಲಿನ್ ಎಂಬ ಪ್ರೋಟೀನು ಇದೆ. ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಹಿಡಿದುಕೊಳ್ಳುವುದು ಅದರ ಗುಣ. ಇಂಥ ಪ್ರೋಟೀನುಗಳಿಗೆ ಲೆಕ್ಟಿನ್ ಎನ್ನುತ್ತಾರೆ. ಜಾಕಲಿನ್ನಿನ ರಚನೆಯನ್ನು 1996ರಲ್ಲಿ ಬಿಡಿಸಿಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಎಂ. ವಿಜಯನ್ ಅವರ ತಂಡ. ಫ್ಲೂ ವೈರಸ್ಸು ನಮ್ಮ ಜೀವಕೋಶಕ್ಕೆ ಅಂಟುವುದೂ ಇಂಥದೇ ಹಿಡಿತದಿಂದ. ಅಲ್ಲಿ ಹಿಡಿಯುವುದು ಸಿಯಾಲಿಕ್ ಆಮ್ಲವನ್ನು.

ಈ ಹಿಡಿತ ಬಹಳ ಸಡಿಲ. ಉತ್ತರಾಣಿಯ ಒಂದು ಕಾಯಿ ಪಂಚೆಗೆ ಅಂಟಿದರೆ ಕೊಡವಿದರೆ ಸಾಕು, ಹತ್ತಾರು ಒಟ್ಟಿಗೆ ಅಂಟಿದರೆ ಕೂತು ಬಿಡಿಸಬೇಕು. ಲೆಕ್ಟಿನ್ನಿಗೂ ಬಲ ಬರುವುದು ಹಲವು ಹಿಡಿತಗಳು ಕೂಡಿದಾಗಲೇ. ಒಂಟಿ ಹಿಡಿತವನ್ನು ಅಳೆಯುವುದು ಕಷ್ಟ. ಶಾಖ ಅಳೆಯುವ ಐಟಿಸಿ ಯಂತ್ರ, ಕಾಂತಕ್ಷೇತ್ರದಲ್ಲಿಟ್ಟು ಅಣುವನ್ನು ನೋಡುವ ಎನ್‌ಎಂಆರ್, ಹರಳಿಗೆ ಕ್ಷ-ಕಿರಣ ಹಾಯಿಸಿ ರಚನೆ ತಿಳಿಯುವ ವಿಧಾನ, ಸಕ್ಕರೆಯನ್ನೇ ಕಟ್ಟುವ ರಸಾಯನಶಾಸ್ತ್ರ, ಇಷ್ಟೂ ಒಂದೇ ಲ್ಯಾಬಿನಲ್ಲಿ ಸಿಗುವುದು ಅಪರೂಪ. ಹಾಗಾಗಿಯೇ ಹಲವು ದೇಶಗಳ ಲ್ಯಾಬುಗಳು ಸೇರಿ ಡಾಕ್ಟರೇಟ್ ತರಬೇತಿ ಕೊಡುತ್ತವೆ.

ಐರೋಪ್ಯ ಒಕ್ಕೂಟದ ಮೇರಿ ಸ್ಕ್ಲೊಡೋವ್‌ಸ್ಕಾ ಕ್ಯೂರಿ ಜಾಲಗಳು ಈ ಬಗೆಯವು. ಯಾವ ದೇಶದವರೂ ಅರ್ಜಿ ಹಾಕಬಹುದು, ಆದರೆ ಆಗಲೇ ಡಾಕ್ಟರೇಟ್ ಪಡೆದಿರಬಾರದು. ನೇಮಕಕ್ಕೆ ಮುಂಚಿನ 36 ತಿಂಗಳಲ್ಲಿ, ನೇಮಿಸಿಕೊಳ್ಳುವ ಲ್ಯಾಬಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು; ಶಿವಮೊಗ್ಗದಿಂದ ನೇರವಾಗಿ ಹೋಗುವವರಿಗೆ ಇದು ತೊಡಕೇ ಅಲ್ಲ. ಇದು ಸಂಬಳದ ನೌಕರಿ, ಸಾಮಾನ್ಯವಾಗಿ ಮೂರು ವರ್ಷದ್ದು. ನಡುವೆ ಜಾಲದ ಬೇರೆ ಲ್ಯಾಬಿಗೋ ಕಂಪನಿಗೋ ಕೆಲಸ ಕಲಿಯಲು ಕಳಿಸುತ್ತಾರೆ. ಹುದ್ದೆಗಳ ಪ್ರಕಟಣೆ ಯೂರಾಕ್ಸೆಸ್ ಜಾಲತಾಣದಲ್ಲಿ ಬರುತ್ತದೆ.

ಎಂ.ಎಸ್ಸಿ. ಓದುತ್ತಿರುವಾಗಲೇ ಕೈ ಪಳಗಿಸಿಕೊಳ್ಳಲು ಹಲಸಿನ ಬೀಜ ಸಾಕು. ಸಿಪ್ಪೆ ತೆಗೆದ ಹಸಿ ಬೀಜ 10 ಗ್ರಾಂ, ಪಿಎಚ್ 7.4ರ ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) 100 ಮಿಲಿ. ಅರೆದು ರಾತ್ರಿಯಿಡೀ 4 ಡಿಗ್ರಿಯಲ್ಲಿಡಿ. ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಮಾಡಿ. ತಿಳಿಯನ್ನು ಗೋರಿಕಾಯಿ ಬೀಜದ ಗೌರ್ ಗೋಂದು ತುಂಬಿದ ಕೊಳವೆಯ, ಅಂದರೆ ಕಾಲಂನ, ಮೂಲಕ ಹಾಯಿಸಿ, ಅಂಟಿದ್ದನ್ನು 0.2 ಮೋಲಾರ್ ಗ್ಯಾಲಕ್ಟೋಸಿನಿಂದ ಬಿಡಿಸಿಕೊಳ್ಳಿ. ಆಮೇಲೆ ಡಯಾಲಿಸಿಸ್ ಮಾಡಿ, ಅಂದರೆ ಸಣ್ಣ ರಂಧ್ರಗಳ ಚೀಲದಲ್ಲಿಟ್ಟು ಬಫರಿನಲ್ಲಿ ಮುಳುಗಿಸಿ, ಗ್ಯಾಲಕ್ಟೋಸ್ ಹೊರಹೋಗುವಂತೆ ಮಾಡಿ. ಬೇಯಿಸಿದ ಬೀಜ ಬೇಡ, ಪ್ರೋಟೀನು ಕೆಟ್ಟಿರುತ್ತದೆ. ಕಾಲಂ ಹಂತವನ್ನೂ ಬಿಡಬೇಡಿ: ಬೀಜದಲ್ಲಿ ಮ್ಯಾನೋಸ್ ಹಿಡಿಯುವ ಇನ್ನೊಂದು ಲೆಕ್ಟಿನ್ ಇದ್ದು, ಎರಡೂ ಕಲಸಿಹೋಗುತ್ತವೆ.

ಲೆಕ್ಟಿನ್ ಸಿಕ್ಕಿದೆಯೇ ಎಂಬ ಪರೀಕ್ಷೆಗೆ ಉಪ್ಪುನೀರಿನಲ್ಲಿ ಮೂರು ಸಲ ತೊಳೆದ ಕೆಂಪು ರಕ್ತಕಣಗಳ ಶೇ. 2ರ ದ್ರಾವಣ ಸಾಕು. ಯು ತಳದ 96 ಗುಳಿಗಳ ತಟ್ಟೆಯಲ್ಲಿ ಪ್ರೋಟೀನನ್ನು ಗುಳಿಯಿಂದ ಗುಳಿಗೆ ಅರ್ಧರ್ಧ ತೆಳು ಮಾಡುತ್ತ ಹೋಗಿ, ಕಣ ಹಾಕಿ, ಒಂದು ಗಂಟೆ ಅಲುಗಾಡಿಸದೆ ಬಿಡಿ. ಲೆಕ್ಟಿನ್ ಹಿಡಿದ ಕಡೆ ಕಣಗಳು ತೆಳು ಪದರವಾಗಿ ಹರಡಿರುತ್ತವೆ. ಹಿಡಿಯದ ಕಡೆ ತಳದಲ್ಲಿ ಕೆಂಪು ಗುಂಡಿಯಾಗಿ ಕೂರುತ್ತವೆ. ಎಲ್ಲ ಗುಳಿಯಲ್ಲೂ ಗುಂಡಿಯೇ ಕಂಡರೆ ಮೊದಲು ಡಯಾಲಿಸಿಸನ್ನು ಅನುಮಾನಿಸಿ. ಬಿಡಿಸಲು ಬಳಸಿದ ಗ್ಯಾಲಕ್ಟೋಸ್ ಉಳಿದಿದ್ದರೆ ಲೆಕ್ಟಿನ್ನಿನ ಜಾಗ ಆಗಲೇ ಭರ್ತಿ.

ಐಟಿಸಿಯಲ್ಲಿ ತಪ್ಪುವುದು ಬೇರೆ ಕಡೆ. ಪ್ರೋಟೀನನ್ನು ಡಯಾಲಿಸಿಸ್ ಮಾಡಿದ ಅದೇ ಬಫರಿನಲ್ಲೇ ಸಕ್ಕರೆ ಕರಗಿಸಬೇಕು. ಬೇರೆ ಬಾಟಲಿಯದಾದರೆ ಎರಡು ದ್ರಾವಣ ಬೆರೆತ ಶಾಖದಲ್ಲಿ ನಿಜವಾದ ಹಿಡಿತದ ಶಾಖ ಮುಚ್ಚಿಹೋಗುತ್ತದೆ.

ಅರ್ಜಿಯಲ್ಲಿ ಅಂಕಗಳ ಪಟ್ಟಿ ಎಲ್ಲರದೂ ಇರುತ್ತದೆ. ಆ ತಟ್ಟೆಯ ಒಂದು ಫೋಟೊ, ಗ್ಯಾಲಕ್ಟೋಸ್ ಸೇರಿಸಿದಾಗ ಅಂಟು ಬಿಟ್ಟ ಗುಳಿ ಯಾವುದು, ಸೇರಿಸದ ಗುಳಿ ಯಾವುದು ಎಂಬ ಎರಡು ಸಾಲು, ಇವನ್ನೂ ಜೊತೆಗಿಡಿ.